ಬೆಂಕಿಪುರದಲ್ಲಿ ಸೀತಾಳೆ ದಂಡೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆ ಎಲ್ಲವೂ ಮೊಳ, ಮಾರಿನ ಲೆಕ್ಕದಲ್ಲಿ ಸಿಗುತ್ತವೆ. ಬಿಡಿ ಹೂವನ್ನು ಬಾಳೆನಾರಿನಲ್ಲಿ ಕಟ್ಟಿದರೆ ತಾನೇ ದಂಡೆಯಾಗುವುದು? ಆದರೆ ನಮ್ಮ ಮಲೆನಾಡಿನಲ್ಲಿ ಯಾರೂ ಕಟ್ಟಬೇಕಾಗಿಲ್ಲದ, ಗಿಡವೇ ಕಟ್ಟಿ ಕೊಡುವ ಒಂದು ದಂಡೆ ಇದೆ. ಅದೇ ಸೀತಾಳೆ ದಂಡೆ. ಕೆಲವರು ಸೀತೆ ದಂಡೆ ಎನ್ನುತ್ತಾರೆ. ಮೇ ತಿಂಗಳ ಕೊನೆಯಲ್ಲಿ, ಮುಂಗಾರಿನ ಮೊದಲ ಮಳೆಗಳು ಬೀಳುವ ಹೊತ್ತಿಗೆ, ಎತ್ತರದ ಮರದ ಕೊಂಬೆಯಿಂದ ಒಂದು ಅಡಿಯಷ್ಟು ಉದ್ದದ ಗೊಂಚಲು ಕೆಳಮುಖವಾಗಿ ತೂಗುತ್ತದೆ. ಬಿಳಿಯ ಎಸಳು, ಅದರ ಮೇಲೆ ಗುಲಾಬಿ ನೇರಳೆಯ ಚುಕ್ಕೆ. ಒಂದೊಂದು ಗೊಂಚಲಿನಲ್ಲಿ ನೂರರಷ್ಟು ಹೂ ಒತ್ತೊತ್ತಾಗಿ ಇರುತ್ತವೆ. ಬುಡ ಮುರಿದು ಹಾಗೇ ತುರುಬಿಗೆ ಸುತ್ತಿದರೆ ಆಯಿತು, ಸೂಜಿ ಬೇಡ, ನಾರು ಬೇಡ.

ವನವಾಸದಲ್ಲಿ ಸೀತೆ ಮುಡಿದದ್ದು ಈ ಹೂವನ್ನೇ ಎಂದು ನಮ್ಮ ಕಡೆಯ ಹೆಂಗಸರ ನಂಬಿಕೆ. ಅರಮನೆಯ ತೋಟದ ಹೂ ಬಿಟ್ಟು ಬಂದವಳಿಗೆ ಕಾಡು ತಾನೇ ಕಟ್ಟಿಕೊಟ್ಟ ದಂಡೆ ಇದು ಎಂಬ ಮಾತಿನಲ್ಲಿ ಎಷ್ಟು ಅಂತಃಕರಣವಿದೆ! ಬೇರೆ ಕಡೆ ಇದನ್ನು ದ್ರೌಪದಿಯ ಹೂ ಎಂದೂ ಕರೆಯುವುದುಂಟು. ಅವಳೂ ಕಾಡಿಗೆ ಹೋದವಳೇ. ದೂರದ ಅಸ್ಸಾಮಿನಲ್ಲಿ ಇದೇ ಹೂವಿಗೆ ಕೊಪೌ ಎಂದು ಹೆಸರು. ಏಪ್ರಿಲ್ ತಿಂಗಳ ಬಿಹು ಹಬ್ಬದಲ್ಲಿ ಅಲ್ಲಿಯ ಹುಡುಗಿಯರು ಅದನ್ನು ಮುಡಿದು ಕುಣಿಯುತ್ತಾರೆ. ಅದು ಆ ರಾಜ್ಯದ ಅಧಿಕೃತ ಪುಷ್ಪ. ಅಲ್ಲಿಯ ಹೆಣ್ಣುಮಕ್ಕಳಿಗೆ ನಮ್ಮ ಭಾಷೆ ಗೊತ್ತಿಲ್ಲ, ನಮಗೆ ಅವರದು ಗೊತ್ತಿಲ್ಲ. ಆದರೂ ಈ ಹೂವನ್ನು ಕಂಡಾಗ ಎರಡೂ ಕಡೆಯವರ ಕೈ ಹೋದದ್ದು ತುರುಬಿನ ಕಡೆಗೇ.

ವಿದ್ವಾಂಸರ ಕಣ್ಣಿಗೆ ಇದು ಬಿದ್ದ ಬಗೆ ಬೇರೆ. 17ನೇ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಗವರ್ನರ್ ಆಗಿದ್ದ ವಾನ್ ರೀಡ್ ಎಂಬಾತ ಪಶ್ಚಿಮ ಕರಾವಳಿಯ ಗಿಡಮರಗಳನ್ನೆಲ್ಲ ಚಿತ್ರ ಬರೆಸಿ, ವಿವರ ಕಲೆಹಾಕಿದ. ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯರೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಅವನಿಗೆ ನೆರವಾದರು. ‘ಹೊರ್ತುಸ್ ಮಲಬಾರಿಕಸ್’ ಎಂಬ ಆ ಗ್ರಂಥದ 12 ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಕೊನೆಯ ಸಂಪುಟದಲ್ಲಿ ನಮ್ಮ ಸೀತಾಳೆ ದಂಡೆ ಇದೆ. ಅಲ್ಲಿ ಅದರ ಹೆಸರು ‘ಅಂಜಿಲಿ ಮರವಾಳ’. ಅಂಜಿಲಿ ಎಂದರೆ ನಮ್ಮ ಹೆಬ್ಬಲಸು. ಹೆಬ್ಬಲಸಿನ ಮೇಲಿರುವ ಮರವಾಳ ಎಂದು ಅರ್ಥ. ಆ ಪುಸ್ತಕದ ಆಧಾರದ ಮೇಲೆ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಅದಕ್ಕೆ ಲ್ಯಾಟಿನ್ ಹೆಸರು ಕೊಟ್ಟ. 1825ರಲ್ಲಿ ಬ್ಲೂಮ್ ಎಂಬಾತ ಅದನ್ನು ಬದಲಿಸಿ ರಿಂಕೋಸ್ಟೈಲಿಸ್ ರೆಟುಸಾ ಎಂದು ಮಾಡಿದ. ರೆಟುಸಾ ಎಂದರೆ ತುದಿ ಮೊಂಡಾದದ್ದು. ಇದರ ಎಲೆಯ ತುದಿ ಯಾರೋ ಕಚ್ಚಿ ಬಿಟ್ಟ ಹಾಗೆ ಮೊಂಡಾಗಿರುವುದು ನಿಜವೇ. ಆದರೂ ನನಗೆ ನಗು ಬರುತ್ತದೆ. ಇಂಥ ಹೂವನ್ನು ಎದುರಿಗಿಟ್ಟುಕೊಂಡು ಎಲೆಯ ತುದಿ ನೋಡಿ ಹೆಸರಿಟ್ಟರಲ್ಲ!

ಮಲೆಯಾಳದ ಆ ಹಳೆಯ ಹೆಸರನ್ನು ಮಾತ್ರ ನಾನು ಮೆಚ್ಚುತ್ತೇನೆ. ಅದರಲ್ಲಿ ಹೂವಿಗಿಂತ ಮೊದಲು ಮರ ಬರುತ್ತದೆ. ಈ ಗಿಡದ ಬದುಕಿನ ಗುಟ್ಟೇ ಅದು. ಇದಕ್ಕೆ ಸ್ವಂತ ನೆಲವಿಲ್ಲ. ಮರದ ಹೆಗಲೇ ಇದರ ಮನೆ. ಹಾಗೆಂದು ಇದು ಬದನಿಕೆಯಲ್ಲ. ಬದನಿಕೆ ಮರದೊಳಗೆ ಬೇರಿಳಿಸಿ ಅದರ ರಸ ಹೀರುತ್ತದೆ. ಸೀತಾಳೆ ಮರದಿಂದ ಒಂದು ತೊಟ್ಟು ರಸವನ್ನೂ ಕೇಳುವುದಿಲ್ಲ. ದಪ್ಪನೆಯ ಬೆಳ್ಳಿ ಬಣ್ಣದ ಬೇರುಗಳಿಂದ ತೊಗಟೆಯನ್ನು ಅಪ್ಪಿಕೊಂಡು, ಮಳೆನೀರನ್ನೂ ಮಂಜನ್ನೂ ಕುಡಿದು ಬದುಕುತ್ತದೆ. ಆ ಬೇರಿನ ಮೇಲೆ ಸ್ಪಂಜಿನಂಥ ಪದರವೊಂದಿದೆ. ಮಳೆ ಬಿದ್ದೊಡನೆ ನೀರು ಹೀರಿ ಬಿಳಿಯ ಬೇರು ಹಸಿರಾಗುತ್ತದೆ. ತೊಗಟೆಯ ಬಿರುಕಿನಲ್ಲಿ ಸೇರಿದ ಧೂಳು, ಕೊಳೆತ ಎಲೆಗಳೇ ಅದರ ಗೊಬ್ಬರ.

ಬೀಜದ ಕಥೆ ಇನ್ನೂ ಸೂಕ್ಷ್ಮ. ಒಂದು ಕಾಯಿಯಲ್ಲಿ ಸಾವಿರಾರು ಬೀಜಗಳಿರುತ್ತವೆ, ಆದರೆ ಹಿಟ್ಟಿನಷ್ಟು ನುಣ್ಣಗೆ. ಹೆಸರುಕಾಳಿನೊಳಗೆ ಮೊಳಕೆಗೆ ಬೇಕಾದ ಬುತ್ತಿ ಇರುವಂತೆ ಇದರೊಳಗೆ ಬುತ್ತಿ ಇಲ್ಲ. ಗಾಳಿಯಲ್ಲಿ ತೇಲಿ ಹೋದ ಬೀಜ ಸರಿಯಾದ ತೊಗಟೆಯ ಮೇಲೆ ಕೂರಬೇಕು, ಅಲ್ಲಿ ಅದಕ್ಕೆ ಒಗ್ಗುವ ಒಂದು ಬಗೆಯ ಶಿಲೀಂಧ್ರ ಇರಬೇಕು, ಅದು ಊಡಿದರೆ ಮಾತ್ರ ಬೀಜ ಮೊಳೆಯುವುದು. ಮೊಳೆತ ಮೇಲೂ ಹೂ ಬಿಡಲು ವರ್ಷಗಟ್ಟಲೆ ಕಾಯಬೇಕು. ಒರಟು ತೊಗಟೆಯ, ವಯಸ್ಸಾದ, ನೆಮ್ಮದಿಯಾಗಿ ನಿಂತ ಮರ ಇದ್ದರೆ ಇವೆಲ್ಲ ನಡೆಯುತ್ತವೆ. ಆದ್ದರಿಂದ ಈ ಹೂವಿಗೆ ತನ್ನದೇ ಆದ ಚರಿತ್ರೆ ಇಲ್ಲ. ಮರಗಳ ಚರಿತ್ರೆಯೇ ಇದರ ಚರಿತ್ರೆ. ನಮ್ಮ ಜಿಲ್ಲೆಯ ಮರಗಳ ಚರಿತ್ರೆಯನ್ನು ಹೇಳಲು ಹೊರಟರೆ ಭದ್ರಾವತಿಗೆ ಬರಲೇಬೇಕು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಭದ್ರಾ ನದಿಯ ದಡದ ಸಣ್ಣ ಊರು, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಸುತ್ತ ಮತ್ತಿ, ನಂದಿ, ಹುಣಾಲು, ದಿಂಡಿಗ, ಹೊನ್ನೆಯ ಕಾಡು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಾಗ ಆ ಹಳಿ ಈ ಊರನ್ನು ಹಾದೇ ಬಂತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನಕ್ಕೆ ಸ್ವಂತ ಕಬ್ಬಿಣದ ಕಾರ್ಖಾನೆ ಬೇಕೆಂದು ಹಟ ಹಿಡಿದರು. ಬಾಬಾಬುಡನ್ ಬೆಟ್ಟದ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಭದ್ರೆಯಲ್ಲಿ ನೀರಿತ್ತು, ಪಕ್ಕದಲ್ಲಿ ರೈಲು ಇತ್ತು. ಇಲ್ಲದ್ದು ಒಂದೇ, ಕಲ್ಲಿದ್ದಲು. ಅದು ದೂರದ ಬಂಗಾಳ, ಬಿಹಾರದ ಗಣಿಗಳಿಂದ ಬರಬೇಕಾಗಿತ್ತು. ಅದಕ್ಕೆ ಬದಲಾಗಿ ಹತ್ತಿರದ ಕಾಡಿನ ಮರವನ್ನೇ ಸುಟ್ಟು ಇದ್ದಲು ಮಾಡಿ ಕುಲುಮೆಗೆ ಹಾಕುವುದೆಂದು ನಿಶ್ಚಯವಾಯಿತು. ಮರವನ್ನು ಮುಚ್ಚಿದ ಒಲೆಗಳಲ್ಲಿ ಬೇಯಿಸಿ ಇದ್ದಲಿನ ಜೊತೆಗೆ ಮರದ ಎಣ್ಣೆ, ಟಾರು, ಮದ್ಯಸಾರದಂಥ ವಸ್ತುಗಳನ್ನೂ ತೆಗೆಯುವ ಘಟಕ ಎದ್ದಿತು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು. ಬೆಂಕಿಪುರ ಎಂಬ ಹೆಸರು ಮರೆಯಾಗುತ್ತಿದ್ದ ಕಾಲಕ್ಕೆ ಊರಿಗೆ ನಿಜವಾದ ಬೆಂಕಿ ಬಂತು.

ಈ ಪಾಠವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಮಕ್ಕಳಿಗೆ ಒಂದು ಲೆಕ್ಕವನ್ನೂ ಕೊಡುತ್ತೇನೆ. ಒಂದು ಟನ್ ಇದ್ದಲಿಗೆ ಮೂರು ನಾಲ್ಕು ಟನ್ ಒಣ ಸೌದೆ ಬೇಕು. ಇದ್ದಲಿನ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಲು ಸುಮಾರು ಒಂದು ಟನ್ ಇದ್ದಲು ಬೇಕು. ಹಾಗಾದರೆ ಹಗಲೂ ಇರುಳೂ ಉರಿಯುವ ಕುಲುಮೆಗೆ ವರ್ಷಕ್ಕೆ ಎಷ್ಟು ಕಾಡು ಬೇಕು? ಊದುಕುಲುಮೆಯ ಬೆಂಕಿ ನಮ್ಮ ಅಡುಗೆ ಒಲೆಯ ಹಾಗೆ ಬೇಕಾದಾಗ ಹೊತ್ತಿಸಿ ಬೇಡವಾದಾಗ ಆರಿಸುವಂಥದ್ದಲ್ಲ. ಅದು ನಿಂತರೆ ಒಳಗಿನ ಕಬ್ಬಿಣ ಗಟ್ಟಿಯಾಗಿ ಕುಲುಮೆಯೇ ಕೆಡುತ್ತದೆ. ಆದ್ದರಿಂದ ಕಾಡಿನೊಳಗೆ ಟ್ರಾಂ ಹಳಿಗಳನ್ನು ಹಾಸಿದರು, ಗಾಡಿ ಕಟ್ಟಿದರು, ಸೌದೆ ತಂದರು. ತೇಗ, ಬೀಟೆಗೆ ಬೇರೆ ಗಿರಾಕಿಗಳಿದ್ದರು. ನಾಟಾ ಬೆಲೆಯಿಲ್ಲದ ಜಂಗಲಿ ಮರಗಳು ಇದ್ದಲಾದವು. ಡೊಂಕು ಕೊಂಬೆಯ, ಪೊಟರೆ ಬಿದ್ದ, ತೊಗಟೆ ಸೀಳಿದ ಹಳೆಯ ಮರಗಳೆಂದರೆ ಸೀತಾಳೆಗೆ ಅಚ್ಚುಮೆಚ್ಚು. ಕೊಡಲಿಗೆ ಮೊದಲು ಸಿಕ್ಕವೂ ಅವೇ. ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತು ಎನ್ನುತ್ತೇವೆ. ಇಲ್ಲಿ ಮರದಿಂದಾಗಿ ಹೂವು ಬೆಂಕಿಗೆ ಹೋಯಿತು.

ಅಂದಿನ ಅಧಿಕಾರಿಗಳು ಕಾಡನ್ನು ಹಾಳುಮಾಡಬೇಕೆಂದು ಹೊರಟವರಲ್ಲ. ಕಡಿದ ಬುಡದಿಂದ ಮರ ಮತ್ತೆ ಚಿಗುರುತ್ತದೆ, ಒಂದೊಂದು ತುಂಡು ಕಾಡನ್ನು ಸರದಿಯ ಮೇಲೆ ಕಡಿಯುತ್ತ ಬಂದರೆ ಕೆಲವು ದಶಕಗಳಲ್ಲಿ ಮೊದಲಿನದು ಬೆಳೆದಿರುತ್ತದೆ ಎಂಬುದು ಅಂದಿನ ಅರಣ್ಯಶಾಸ್ತ್ರದ ಲೆಕ್ಕ. ಸೌದೆಯ ಮಟ್ಟಿಗೆ ಆ ಲೆಕ್ಕದಲ್ಲಿ ಅರ್ಥವಿತ್ತು. ಬುಡ ಚಿಗುರಿತು, ಎಳೆಯ ಕಾಂಡಗಳು ಎದ್ದವು. ಆದರೆ ಮರದ ಹೆಗಲಿನ ಮೇಲಿದ್ದವರು ಬುಡದಿಂದ ಚಿಗುರಲಾರರು. ಅವರಿಗೆ ಬೇಕಾದ ಮುದಿ ಕೊಂಬೆ ಬೆಳೆಯುವಷ್ಟರಲ್ಲಿ ಮತ್ತೆ ಕಡಿಯುವ ಸರದಿ ಬರುತ್ತಿತ್ತು.

ನಮ್ಮ ಅಜ್ಜ 1930ರ ದಶಕದಲ್ಲಿ ಎತ್ತಿನ ಗಾಡಿಯಲ್ಲಿ ಸೌದೆ ಹೇರಿದವರು. ಅಜ್ಜಿ ಆಗಷ್ಟೇ ಮದುವೆಯಾಗಿ ಬಂದವರು. ಕಾಡಿನ ಅಂಚಿನ ಬಿಡಾರದಲ್ಲಿ ಸಂಸಾರ. ನನ್ನ ಚಿಕ್ಕಂದಿನಲ್ಲಿ ತಲೆ ಬಾಚುತ್ತ ಆ ಕಾಲದ ಕಥೆ ಹೇಳುತ್ತಿದ್ದರು. ‘ಮೊದ್ಲು ಸೀತಾಳೆ ಬೇಕು ಅಂದ್ರೆ ಗಂಡಸ್ರು ಮರ ಹತ್ಬೇಕಿತ್ತು. ಅವರಿಗೆ ಬಿಡುವಾದಾಗ ತಾನೇ? ಆ ವರ್ಷ ಮರಾನೇ ಕೆಳಗೆ ಬಂತು. ಬಿಡಾರದ ಹೆಂಗಸ್ರೆಲ್ಲ ಬುಟ್ಟಿಗಟ್ಲೆ ತಂದ್ವಿ. ಎಮ್ಮೆ ಕೊಂಬಿಗೂ ಸುತ್ತಿದ್ವಿ. ಅಷ್ಟು ಹೂ ಮತ್ತೆ ಕಾಣ್ಲಿಲ್ಲ ಕೂಸೇ.’

ಚಿಕ್ಕವಳಿಗೆ ಇದು ಸಂಭ್ರಮದ ಕಥೆಯಾಗಿ ಕೇಳುತ್ತಿತ್ತು. ದೊಡ್ಡವಳಾಗಿ ಚರಿತ್ರೆ ಓದಿದ ಮೇಲೆ ಅದರ ಅರ್ಥವಾಯಿತು. ಅತಿ ಹೆಚ್ಚು ಹೂ ಕಂಡ ವರ್ಷವೇ ಅತಿ ಹೆಚ್ಚು ಮರ ಬಿದ್ದ ವರ್ಷ. ಅಜ್ಜಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ. ಸೌದೆಯ ರಾಶಿಯಿಂದ ಬೇರುಸಹಿತ ಬಿಡಿಸಿ ತಂದ ಎರಡು ಗಿಡಗಳನ್ನು ಬಿಡಾರದ ಮುಂದಿನ ಹಲಸಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿದ್ದರಂತೆ. ಇದ್ದಲಾಗಿ ಹೋಗಬೇಕಾಗಿದ್ದ ಆ ಗಿಡಗಳು ಮುಂದಿನ ಎಷ್ಟೋ ಮಳೆಗಾಲ ಅಲ್ಲಿ ಹೂ ಬಿಟ್ಟವು. ಯಾವ ದಾಖಲೆಯಲ್ಲೂ ಇಲ್ಲದ ಈ ಕೆಲಸವನ್ನು ನಾನು ನಮ್ಮ ಜಿಲ್ಲೆಯ ಚರಿತ್ರೆಗೆ ಸೇರಿದ್ದು ಎಂದೇ ಎಣಿಸುತ್ತೇನೆ.

ಇಷ್ಟು ಹೇಳಿದ ಮೇಲೆ ಕಾರ್ಖಾನೆಯನ್ನು ಬೈದು ಮುಗಿಸುವುದು ಸುಲಭ. ನನ್ನಿಂದ ಅದು ಆಗದು. ಅಜ್ಜನ ಗಾಡಿಯ ದುಡಿಮೆಯಿಂದ ನಮ್ಮಪ್ಪ ಶಾಲೆಗೆ ಹೋದರು. ಆಮೇಲೆ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ನಾನು ಹುಟ್ಟಿದ್ದು ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಕಾರ್ಖಾನೆಯ ಸೈರನ್ನಿಗೆ ನಮ್ಮ ಮನೆಯ ಅಕ್ಕಿ ಒಲೆ ಏರುತ್ತಿತ್ತು. ನಾನು ಬಿ.ಎ., ಬಿ.ಎಡ್. ಓದಿ ಮೇಷ್ಟ್ರ ಕುರ್ಚಿಯಲ್ಲಿ ಕೂತದ್ದು ಆ ಸಂಬಳದಿಂದ. ಸಾವಿರಾರು ಮನೆಗಳ ಹೆಣ್ಣುಮಕ್ಕಳು ನನ್ನ ಹಾಗೆಯೇ ಓದಿದರು. ಕಾರ್ಖಾನೆಗೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು, 1998ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಇದ್ದಲಿನ ಕಾಲ ಅದಕ್ಕಿಂತ ಎಷ್ಟೋ ಮೊದಲೇ ಹಿಂದೆ ಸರಿದಿತ್ತು. 2023ರ ಆರಂಭದಲ್ಲಿ, ಕುಲುಮೆ ಹೊತ್ತಿ ನೂರು ವರ್ಷ ತುಂಬಿದ ಹೊತ್ತಿಗೇ, ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಕಾರ್ಮಿಕರು ಧರಣಿ ಕೂತರು. ಅವರ ಮನೆಯ ಹೆಂಗಸರ ಮುಖಗಳನ್ನು ನೋಡಿದವರು ಯಾರೂ ಕಾರ್ಖಾನೆ ಇಲ್ಲದಿದ್ದರೆ ಚೆನ್ನಾಗಿತ್ತು ಎನ್ನಲಾರರು.

ಮರದ ಹೆಗಲಿನ ಮೇಲೆ ಸೀತಾಳೆ ಬದುಕಿದ ಹಾಗೆ ನಾವು ಆ ಕಾರ್ಖಾನೆಯ ಹೆಗಲಿನ ಮೇಲೆ ಬದುಕಿದೆವು. ಆದ್ದರಿಂದಲೇ ಲೆಕ್ಕವನ್ನು ಸರಿಯಾಗಿ ಬರೆಯಬೇಕು ಎನ್ನುತ್ತೇನೆ. ಮನೆ ಖರ್ಚಿನ ಪುಸ್ತಕ ಬರೆಯುವ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಂದದ್ದನ್ನು ಬರೆದು ಹೋದದ್ದನ್ನು ಬರೆಯದಿದ್ದರೆ ಅದು ಲೆಕ್ಕವಾಗುವುದಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಬಂದದ್ದರ ಪಟ್ಟಿ ಚೆನ್ನಾಗಿಯೇ ಇದೆ. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು ಎಂದು ಬರೆದಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು ಎಂದೂ ಇದೆ. ಕಾಗದಕ್ಕೆ ಬಿದಿರು ಹೋಯಿತು, ವಿದ್ಯುತ್ತಿಗಾಗಿ ಕಣಿವೆಗಳೇ ಮುಳುಗಿದವು, ಅವುಗಳ ಜೊತೆ ಕೊಂಬೆಕೊಂಬೆಯ ಮೇಲಿದ್ದ ಸೀತಾಳೆಗಳೂ ಹೋದವು ಎಂಬ ಸಾಲು ಇಲ್ಲ.

ಕಾಗದ ಕಾರ್ಖಾನೆಯ ಕಥೆಯಲ್ಲಿ ಇನ್ನೊಂದು ಅಧ್ಯಾಯವಿದೆ. 1980ರಲ್ಲಿ ಸರ್ಕಾರ ಅದಕ್ಕೆ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಅಲ್ಲಿ ನೀಲಗಿರಿ, ಅಕೇಶಿಯಾ ತೋಪುಗಳೆದ್ದವು. ದೂರದಿಂದ ನೋಡಿದರೆ ಹಸಿರೇ. ಆದರೆ ನೀಲಗಿರಿಯ ತೊಗಟೆ ವರ್ಷವರ್ಷವೂ ಸುಲಿದು ಬೀಳುತ್ತದೆ, ಬೇರು ಹಿಡಿಯಲು ಜಾಗವಿಲ್ಲ. ಅಕೇಶಿಯಾವನ್ನು ಎಳೆಯದರಲ್ಲೇ ಕಡಿಯುತ್ತಾರೆ. ಬಾಡಿಗೆ ಮನೆಗೆ ಸಾಮಾನು ಸಾಗಿಸಿ ಒಲೆ ಹಚ್ಚುವಷ್ಟರಲ್ಲಿ ಖಾಲಿ ಮಾಡಿ ಎಂದ ಹಾಗೆ. ಕಾರ್ಖಾನೆ 2015ರ ಹೊತ್ತಿಗೆ ನಿಂತಿತು. 2020ರಲ್ಲಿ ಗುತ್ತಿಗೆ ಮುಗಿದಾಗ, ಅದನ್ನು ಮುಂದುವರಿಸುವುದರ ವಿರುದ್ಧ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನ ಜನ ದನಿಯೆತ್ತಿದರು. ಆ ಕೂಗಿನಲ್ಲಿ ನೀರಿನ ಚಿಂತೆಯಿತ್ತು, ಮೇವಿನ ಚಿಂತೆಯಿತ್ತು. ಮುಡಿಯ ಹೂವಿನ ಮಾತನ್ನು ಯಾರೂ ಆಡಿರಲಿಕ್ಕಿಲ್ಲ. ಅದು ಹೆಂಗಸರ ಅಲ್ಪ ವಿಷಯ ಅನ್ನಿಸಿರಬಹುದು. ಆದರೆ ಒಂದು ಕಾಡು ಕಾಡಾಗಿ ಉಳಿದಿದೆಯೋ ಇಲ್ಲವೋ ತಿಳಿಯಬೇಕಾದರೆ ಮರಗಳನ್ನು ಎಣಿಸಿದರೆ ಸಾಲದು, ಮರದ ಮೇಲೆ ಯಾರಿದ್ದಾರೆ ಎಂದು ನೋಡಬೇಕು.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ‘ಸೀತಾಳೆ ದಂಡೆ ನೋಡಿದ್ದೀರಾ?’ ಎಂದು ಕೇಳಿದೆ. ಬೆರಳೆಣಿಕೆಯ ಕೈಗಳು ಮೇಲೆದ್ದವು. ಒಬ್ಬಳು, ‘ಮಿಸ್, ಅದು ಸೀರೆಯ ಹೆಸರಾ?’ ಎಂದಳು. ನಗಲಿಲ್ಲ. ಮನೆಯಲ್ಲಿರುವ ಅತಿ ಹಿರಿಯ ಹೆಂಗಸನ್ನು ಕೇಳಿ, ಅವರು ಇದನ್ನು ಯಾವ ಊರಿನ, ಯಾವ ಮರದಿಂದ ಕಿತ್ತು ಮುಡಿದಿದ್ದರು ಎಂದು ಬರೆದುಕೊಂಡು ಬನ್ನಿ ಎಂದೆ. ಸೋಮವಾರ ಬಂದ ಉತ್ತರಗಳನ್ನು ಓದುತ್ತ ಕೂತವಳಿಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಕೆರೆ ಏರಿಯ ಮಾವು, ಊರಬಾಗಿಲ ಮತ್ತಿ, ಬಸ್ಸು ನಿಲ್ಲುತ್ತಿದ್ದ ಕಡೆಯ ಹಲಸು, ಶಿವಮೊಗ್ಗ ರಸ್ತೆಯ ಸಾಲುಮರ. ಕೊನೆಯಲ್ಲಿ ಬಹುಪಾಲು ಮಕ್ಕಳು ಒಂದೇ ಸಾಲು ಬರೆದಿದ್ದರು: ‘ಆ ಮರ ಈಗ ಇಲ್ಲ.’ ಕೆಲವು ಅಜ್ಜಿಯರು ಹೂವಿನ ಕಥೆ ಹೇಳುತ್ತ ತಮ್ಮ ಮದುವೆಯ ಕಥೆಯನ್ನೂ, ತೀರಿಹೋದ ಮಗುವಿನ ಕಥೆಯನ್ನೂ ಹೇಳಿದ್ದರು. ಅದುವರೆಗೆ ಮೊಮ್ಮಕ್ಕಳು ಅವನ್ನು ಕೇಳಿರಲಿಲ್ಲ.

ಹೂವು ಇನ್ನೂ ಪೂರ್ತಿ ಹೋಗಿಲ್ಲ ಎಂಬುದೇ ಸಮಾಧಾನ. ಭದ್ರಾ ಅಭಯಾರಣ್ಯದಲ್ಲಿದೆ, ಶೆಟ್ಟಿಹಳ್ಳಿಯ ಕಡೆಯಿದೆ, ಹಳೆಯ ತೋಟಗಳ ಮಾವು ಹಲಸುಗಳ ಮೇಲೆ ಅಲ್ಲಲ್ಲಿ ಇದೆ. ಕಾಡಿನಿಂದ ಕಿತ್ತು ತಂದು ಮಾರುವವರು ಬಂದರೆ ದಯವಿಟ್ಟು ಕೊಳ್ಳಬೇಡಿ. ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1975ರಿಂದ ಒಪ್ಪಂದದ ಕಡಿವಾಣವಿದೆ. ರಕ್ಷಿತ ಅರಣ್ಯದಿಂದ ಗಿಡ ಕೀಳುವುದೂ ಕಾನೂನಿಗೆ ವಿರುದ್ಧ. ಆದರೆ ನಿಮ್ಮ ಬೀದಿಯಲ್ಲೋ ತೋಟದಲ್ಲೋ ಮರವೊಂದನ್ನು ಉರುಳಿಸುವ ದಿನ ಬಂದರೆ, ಗರಗಸದವರು ಕೊಂಬೆ ಸವರುವಾಗ ಒಮ್ಮೆ ಹೋಗಿ ನೋಡಿ. ದಪ್ಪ ಎಲೆಯ, ಬೆಳ್ಳಿ ಬೇರಿನ ಗಿಡ ಕಂಡರೆ ಬೇರು ಮುರಿಯದಂತೆ ತೊಗಟೆಸಹಿತ ಬಿಡಿಸಿ ತನ್ನಿ. ಕುಂಡದ ಮಣ್ಣಿನಲ್ಲಿ ನೆಟ್ಟರೆ ಕೊಳೆತು ಸಾಯುತ್ತದೆ. ಮಳೆಗಾಲದ ಮೊದಲು ಒರಟು ತೊಗಟೆಯ ಮಾವಿಗೋ ಹಲಸಿಗೋ, ಬೆಳಗಿನ ಬಿಸಿಲು ಸೋಸಿ ಬೀಳುವ ಕಡೆ, ತೆಂಗಿನ ನಾರಿನಿಂದ ಅಥವಾ ಹಳೆಯ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿ. ಆಮೇಲಿನ ಕೆಲಸ ಮಳೆಯದು. ಬೇರು ಹೊಸ ತೊಗಟೆಯನ್ನು ಹಿಡಿದುಕೊಳ್ಳಲು ಒಂದೆರಡು ಮಳೆಗಾಲ ಬೇಕು, ಹೂವಿಗೆ ಇನ್ನಷ್ಟು ತಾಳ್ಮೆ ಬೇಕು. ಮಕ್ಕಳನ್ನು ಸಾಕಿದವರಿಗೆ ಅದೇನೂ ಹೊಸದಲ್ಲ.